ಹಿಮನದಿಯ ಎಚ್ಚರಿಕೆ

ಬಹುಕಾಲ ಕದಲದೆ ನಿಂತದ್ದು ಮುಂದೆಯೂ ಕದಲಲಾರದೆಂದು ನಂಬುವುದು ಲೋಕರೂಢಿ. ರಾಜ್ಯಭಾರ ನಡೆಸುವವರಿಗೆ ಈ ನಂಬಿಕೆಯು ಎಷ್ಟು ಅಪಾಯಕರವೆಂಬುದನ್ನು ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಸೇರಿದ ಅಲಾಸ್ಕದ ಕೊಲಂಬಿಯಾ ಹಿಮನದಿಯ ವೃತ್ತಾಂತದಿಂದ ವಾಚಕರು ತಿಳಿಯಬಹುದು.

ಚುಗಾಚ್ ಪರ್ವತಗಳಿಂದಿಳಿದು ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಕೊಲ್ಲಿಯಲ್ಲಿ ಸಮುದ್ರವನ್ನು ಸೇರುವ ಈ ಹಿಮಪ್ರವಾಹದ ಮುಖವನ್ನು 1794ರಲ್ಲಿ ವ್ಯಾಂಕೂವರನ ತಂಡದ ನಾವಿಕರು ಹೆದರ್ ದ್ವೀಪದ ಬಳಿ ಕಂಡರು. ಸುಮಾರು 1980ರವರೆಗೂ ಅದು ಬಹುಮಟ್ಟಿಗೆ ಅಲ್ಲಿಯೇ ಇದ್ದಿತು. ಅದನ್ನು ನಿಲ್ಲಿಸಿದ್ದು ತಾನೇ ನೂಕಿ ತಂದು ರಾಶಿ ಹಾಕಿದ್ದ ಕಲ್ಲುಮಣ್ಣಿನ ದಿಬ್ಬ. ಅಲ್ಲಿ ನೀರಿಗೆ ಆಳವಿಲ್ಲದುದರಿಂದ, ಮುಖದಲ್ಲಿ ಮುರಿದುಬೀಳುವ ಮಂಜುಗಡ್ಡೆಯು ಮೇಲಿನಿಂದ ಬರುವ ಹಿಮವನ್ನು ಮೀರುತ್ತಿರಲಿಲ್ಲ. ದಿಬ್ಬದ ಹಿಂದೆಯಾದರೋ ಕಣಿವೆಯ ತಳವು ಸಮುದ್ರಮಟ್ಟಕ್ಕಿಂತ ಬಹಳ ಕೆಳಗಿದ್ದಿತು. ಹಿಮವು ತೆಳುವಾಗಿ ಒಮ್ಮೆ ಆ ದಿಬ್ಬವನ್ನು ಬಿಟ್ಟು ಹಿಂಜರಿದರೆ, ಆಳವಾದ ನೀರಿನಲ್ಲಿ ಹೆಚ್ಚು ಹೆಚ್ಚಾಗಿ ಮುರಿಯುವುದು, ಮುರಿದಷ್ಟೂ ಹಿಂಜರಿಯುವುದು.

1977ರಲ್ಲಿ ಕೊಳವೆಮಾರ್ಗದಿಂದ ಎಣ್ಣೆಯು ವಾಲ್ಡೀಜ್ ಬಂದರಿಗೆ ಬರಲಾರಂಭಿಸಿ, ಹಡಗುಗಳು ಈ ಹಿಮದ ಸಮೀಪದಲ್ಲಿಯೇ ಸಂಚರಿಸತೊಡಗಿದವು. ಅಲ್ಲಿನ ಭೂಗರ್ಭ ಸಮೀಕ್ಷಾ ಇಲಾಖೆಯ ವಿದ್ವಾಂಸರು ತಳದ ಆಳವನ್ನಳೆದು, ಹಿಮನದಿಯು ಶೀಘ್ರವಾಗಿ ಹಿಂಜರಿಯುವುದೆಂದು 1980ರಲ್ಲಿ ಸಾರಿದರು. ಅದರಂತೆಯೇ ಆಯಿತು.

1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಜ್ ಎಂಬ ಹಡಗು, ತೇಲುವ ಮಂಜುಗಡ್ಡೆಯನ್ನು ತಪ್ಪಿಸಲು ನಿಯತಮಾರ್ಗವನ್ನು ಬಿಟ್ಟು, ಬ್ಲೈ ಬಂಡೆಸಾಲಿಗೆ ಬಡಿಯಿತು. ಸುಮಾರು 4 ಕೋಟಿ ಲೀಟರು ಎಣ್ಣೆಯು ಸಮುದ್ರದ ಪಾಲಾಯಿತು. ದೋಷವನ್ನು ಹಿಮದ ಮೇಲೆ ಹೊರಿಸುವುದು ನ್ಯಾಯವಲ್ಲ. ಬಳಲಿದ್ದ ಅಧಿಕಾರಿ, ಕರ್ತವ್ಯದಲ್ಲಿ ತಪ್ಪಿದ ಕಪ್ತಾನ, ಒಡೆತನದ ಕಂಪೆನಿ, ಕಡಲಕಾವಲಿನವರ ಶಿಥಿಲವಾದ ಸಂಚಾರವ್ಯವಸ್ಥೆ, ಇವೆಲ್ಲವನ್ನೂ ಸರಕಾರಿ ವಿಚಾರಣೆಯು ಹೆಸರಿಸಿತು. ಇಮ್ಮಡಿ ಕವಚದ ಹಡಗುಗಳನ್ನು ವಿಧಿಸಿದ ಶಾಸನವು ಬಂದುದು 1990ರಲ್ಲಿ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತಲ್ಲವೆ?

ಈಗ ಆ ಹಿಮದ ಮುಖವು 20 ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಕವಲುಗಳು ಬೇರೆ ಬೇರೆಯಾಗಿವೆ. ಲೋಕದ ಉಷ್ಣತೆ ಏರಿದುದೇ ಸಕಲಕ್ಕೂ ಕಾರಣವೆಂದು ಒಂದೇ ಮಾತಿನಲ್ಲಿ ಮುಗಿಸುವಂತಿಲ್ಲ. ಉಷ್ಣತೆಯು ಹಿಮವನ್ನು ತೆಳುಗೊಳಿಸಬಲ್ಲುದು. ಆದರೆ ಹಿಂಜರಿಯುವ ವೇಗವನ್ನು ನಿಯಮಿಸುವುದರಲ್ಲಿ ತಳದ ಆಳಕ್ಕೂ ದೊಡ್ಡ ಪಾಲುಂಟು. ಅದೇ ಅಲಾಸ್ಕದ ಹಬಾರ್ಡ್ ಹಿಮನದಿಯು 1895ರಿಂದ ಒಟ್ಟಿನಲ್ಲಿ ಮುಂದಕ್ಕೇ ಸಾಗಿ, 1986ರಲ್ಲಿಯೂ 2002ರಲ್ಲಿಯೂ ರಸೆಲ್ ಎಂಬ ಕಡಲತೋಳಿಗೆ ಅಡ್ಡಗಟ್ಟಿತು. ಆದುದರಿಂದ ಒಂದನ್ನು ನೋಡಿ ಮತ್ತೊಂದರ ಗತಿಯನ್ನು ನಿರ್ಣಯಿಸಲಾಗದು, ಪ್ರತಿಯೊಂದನ್ನೂ ಅಳೆಯಲೇಬೇಕು.

ಅಳೆಯುವವರಿಗೆ ಸಂಬಳ ಕೊಟ್ಟ ಮಾತ್ರಕ್ಕೆ ಸರಕಾರದ ಹೊಣೆ ತೀರದು. ಅವರ ವರದಿಯು ಕಪಾಟಿನಿಂದಿಳಿದು ಬಂದರಿನ ಅಧಿಕಾರಿಯ ಅಪ್ಪಣೆಯಾಗಬೇಕು. ಕೊಲಂಬಿಯಾ ಹಿಮನದಿಯ ವಿಷಯದಲ್ಲಿ ಶಾಸ್ತ್ರವು ಸಕಾಲಕ್ಕೆ ಎಚ್ಚರಿಸಿತು. ವಿಳಂಬ ಮಾಡಿದ್ದು ಆಡಳಿತ.