ಗ್ಯಾಸ್ ಖರ್ಚಾಗುವುದಿಲ್ಲ, ಸೋರುತ್ತದೆ

ಬೇಸಿಗೆ ಕಾಲಿಟ್ಟಿತೆಂದರೆ ಹಳೆಯ ಕಾರು ಇಟ್ಟುಕೊಂಡವರ ಬಾಯಲ್ಲಿ ಒಂದೇ ಮಾತು: 'ಏ.ಸಿ. ತಣ್ಣಗಾಗುತ್ತಿಲ್ಲ, ಗ್ಯಾಸ್ ಮುಗಿದಿರಬೇಕು.' ಪೆಟ್ರೋಲು ಮುಗಿದಂತೆ ಗ್ಯಾಸೂ ಮುಗಿಯುತ್ತದೆಂಬುದು ಬಹುಜನರ ನಂಬಿಕೆ. ಪೆಟ್ರೋಲೇನೋ ಉರಿದುಹೋಗುತ್ತದೆ. ಆದರೆ ಏ.ಸಿ.ಯ ಅನಿಲ ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ರಬ್ಬರು ಕೊಳವೆ, ಸೀಲುಗಳ ಮೂಲಕ ವರ್ಷಗಳಲ್ಲಿ ಅಷ್ಟಿಷ್ಟು ಜಿನುಗುವುದುಂಟು. ಪ್ರತಿ ಬೇಸಿಗೆಗೂ ತುಂಬಿಸಬೇಕಾಗಿ ಬಂದರೆ ಮಾತ್ರ ಎಲ್ಲೋ ತೂತಿದೆ ಎಂದೇ ಅರ್ಥ.

ಇದನ್ನು ರಜೆಯಲ್ಲಿ ಮನೆಯಂಗಳದಲ್ಲೇ ತಂದೆ ಮಕ್ಕಳು ಸೇರಿ ರಿಪೇರಿ ಮಾಡಬಹುದೆ? ಅರ್ಧ ಕೆಲಸ ಖಂಡಿತ ಮಾಡಬಹುದು. ಇನ್ನರ್ಧಕ್ಕೆ ಕೈ ಹಾಕಬಾರದು.

ಕೈಗೆ ಸ್ಪಿರಿಟ್ ಸವರಿದರೆ ತಣ್ಣಗಾಗುತ್ತದಲ್ಲವೆ? ದ್ರವವು ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ಚರ್ಮದಿಂದ ಎಳೆದುಕೊಳ್ಳುತ್ತದೆ. ಕಾರಿನಲ್ಲೂ ಇದೇ ತತ್ತ್ವ. 2000ದ ಆಸುಪಾಸಿನ ಹೆಚ್ಚಿನ ಕಾರುಗಳಲ್ಲಿರುವ ಆರ್-134ಎ ಎಂಬ ವಸ್ತು ಸಾಮಾನ್ಯ ವಾಯುಒತ್ತಡದಲ್ಲಿ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿನ ಇವಾಪೊರೇಟರ್‌ನಲ್ಲಿ ಕುದಿದು ಒಳಗಿನ ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ, ರೇಡಿಯೇಟರ್‌ನ ಮುಂದಿರುವ ಕಂಡೆನ್ಸರ್‌ಗೆ ತಳ್ಳುತ್ತದೆ. ಅಲ್ಲಿ ಶಾಖವನ್ನು ಹೊರಗಿನ ಗಾಳಿಗೆ ಕೊಟ್ಟು ಪುನಃ ದ್ರವವಾಗುತ್ತದೆ.

ಮನೆಯಲ್ಲಿ ಮಾಡಬಹುದಾದದ್ದೆಲ್ಲ ಈ ಕೊಳವೆಗಳ ಹೊರಗಿನ ಕೆಲಸ. ಮೊದಲು ಗಾಳಿ ಜೋರಾಗಿ ಬರುತ್ತಿದೆಯೇ ನೋಡಿ. ತಂಪಾಗಿದ್ದೂ ಮೆಲ್ಲಗೆ ಬಂದರೆ ಫಿಲ್ಟರ್ ಕಟ್ಟಿಕೊಂಡಿರಬಹುದು. (ಎಷ್ಟೋ ಹಳೆಯ ಮಾದರಿಗಳಲ್ಲಿ ಈ ಫಿಲ್ಟರೇ ಇಲ್ಲ, ಹುಡುಕಿ ಸುಸ್ತಾಗಬೇಡಿ.) ಕಂಡೆನ್ಸರ್‌ನ ತೆಳು ಪಟ್ಟಿಗಳ ನಡುವೆ ಧೂಳು, ಸತ್ತ ಕೀಟಗಳು ತುಂಬಿದ್ದರೆ ಎಂಜಿನ್ ಆರಿದ ಮೇಲೆ ಪೈಪಿನ ನೀರನ್ನು ಮೆತ್ತಗೆ ಬಿಟ್ಟು ತೊಳೆಯಿರಿ. ನೀರು ರಭಸವಾಗಿದ್ದರೆ ಪಟ್ಟಿಗಳು ಮಡಚಿಕೊಳ್ಳುತ್ತವೆ. ರಾಯಚೂರು, ಕಲಬುರಗಿಯ ಧೂಳಿನಲ್ಲಿ ಓಡುವ ಕಾರಿಗೆ ಇಷ್ಟೇ ಸಾಕಾಗುವುದೂ ಉಂಟು.

ಅನಂತರ ಕಾರನ್ನು ಬಯಲಲ್ಲಿ ನಿಲ್ಲಿಸಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ. ದೊಡ್ಡವರು ಎಂಜಿನ್ ಚಾಲೂ ಮಾಡಿ ಏ.ಸಿ. ಹಾಕಲಿ. ಕಂಪ್ರೆಸರ್‌ನ ಮುಂದಿನ ತಟ್ಟೆ 'ಟಕ್' ಎಂದು ಕಚ್ಚಿಕೊಂಡು ತಿರುಗಬೇಕು. ಕಂಡೆನ್ಸರ್‌ನ ಫ್ಯಾನೂ ತಿರುಗಬೇಕು. ಮಕ್ಕಳು ದೂರ ನಿಂತು ನೋಡಲಿ. ಫ್ಯಾನು ಹೇಳದೆ ಕೇಳದೆ ಶುರುವಾಗುತ್ತದೆ, ಸೆರಗು, ಸಡಿಲ ತೋಳು ಹತ್ತಿರ ಸುಳಿಯಬಾರದು. ತಟ್ಟೆ ಕಚ್ಚದಿದ್ದರೆ ಫ್ಯೂಸು ನೋಡಿ. ಅದು ಸರಿಯಿದ್ದರೆ, ಅನಿಲ ತೀರಾ ಕಡಿಮೆಯೆಂದು ಪ್ರೆಷರ್ ಸ್ವಿಚ್ ತಡೆದಿರಬಹುದು. ಅದರ ವೈರುಗಳನ್ನು ನೇರ ಕೂಡಿಸಿ ಓಡಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಎಣ್ಣೆ ಅನಿಲದೊಂದಿಗೇ ಸುತ್ತುವುದರಿಂದ, ಹಾಗೆ ಮಾಡಿದರೆ ಕಂಪ್ರೆಸರ್ ಎಣ್ಣೆಯಿಲ್ಲದೆ ಸವೆದುಹೋಗುತ್ತದೆ. ಈ ಎಣ್ಣೆಯೇ ಸೋರುವ ಜಾಗದ ಸುಳಿವು ಕೂಡ: ಜೋಡಣೆಯ ಬಳಿ ಜಿಡ್ಡುಧೂಳು ಅಂಟಿದ್ದರೆ, ಎಂಜಿನ್ ನಿಲ್ಲಿಸಿ ಸೋಪಿನ ನೀರು ಸವರಿ ಗುಳ್ಳೆ ಬರುತ್ತದೆಯೇ ನೋಡಿ.

ಇಲ್ಲಿಗೆ ನಿಲ್ಲಿಸಿ. ಡಬ್ಬಿಯಿಂದ ಅನಿಲ ತುಂಬಿಸುವ, ಪುಟ್ಟ ಮೀಟರಿರುವ ಸಾಧನಗಳು ಮಾರಾಟಕ್ಕಿವೆ. ಆದರೆ ಮೀಟರು ಒತ್ತಡವನ್ನು ಹೇಳುತ್ತದೆ, ಪ್ರಮಾಣವನ್ನಲ್ಲ. ಎಂಜಿನ್ ನಿಂತಿರುವಾಗ 30 ಡಿಗ್ರಿಯಲ್ಲಿ ಆರ್-134ಎ ಯ ಆವಿಯ ಒತ್ತಡ ವಾಯುಒತ್ತಡದ ಸುಮಾರು ಏಳೂವರೆ ಪಟ್ಟು. ಒಳಗೆ ಒಂದಿಷ್ಟಾದರೂ ದ್ರವ ಉಳಿದಿರುವ ತನಕ, ಅದು ಹೆಚ್ಚಿರಲಿ ಕಡಿಮೆಯಿರಲಿ, ಮುಳ್ಳು ಅಲ್ಲೇ ನಿಲ್ಲುತ್ತದೆ. ಅಡುಗೆ ಅನಿಲದ ಸಿಲಿಂಡರನ್ನೂ ತೂಗಿ ನೋಡುತ್ತೇವೆಯೇ ಹೊರತು ಉರಿ ನೋಡಿ ಅಳೆಯುವುದಿಲ್ಲ. ಹೆಚ್ಚು ತುಂಬಿದರೆ ಕೊಳವೆ ಒಡೆಯಬಹುದು. ಡಬ್ಬಿಯನ್ನು ಹೆಚ್ಚು ಒತ್ತಡದ ಬದಿಗೆ ಜೋಡಿಸಿದರೆ ಡಬ್ಬಿಯೇ ಸಿಡಿಯಬಹುದು. ಸಿಡಿದ ದ್ರವ ಕಣ್ಣಿಗೆ ತಾಗಿದರೆ ಕಣ್ಣನ್ನೇ ಹೆಪ್ಪುಗಟ್ಟಿಸುತ್ತದೆ. ಅಗ್ಗವೆಂದು ಅಡುಗೆ ಅನಿಲ ತುಂಬಿಸುವುದಂತೂ ಕಾರಿನೊಳಗೆ ಬೆಂಕಿ ಇಟ್ಟುಕೊಂಡಂತೆ.

ಸೋರಿದ ಅನಿಲ ಎಲ್ಲಿ ಹೋಯಿತು? ಆರ್-134ಎ ಭೂಮಿಯನ್ನು ಬಿಸಿಮಾಡುವುದರಲ್ಲಿ, ತೂಕಕ್ಕೆ ತೂಕ, ಕಾರ್ಬನ್ ಡೈಆಕ್ಸೈಡ್‌ನ 1,300 ಪಟ್ಟಿಗೆ ಕಡಿಮೆಯಿಲ್ಲ. ಇನ್ನೂ ಹಳೆಯ ಕಾರುಗಳಲ್ಲಿದ್ದುದು ಆರ್-12. ಇಂಥ ವಸ್ತುಗಳ ಕ್ಲೋರಿನ್ ಓಝೋನ್ ಪದರವನ್ನು ತಿನ್ನುತ್ತದೆಂದು ಮೊಲಿನಾ ಮತ್ತು ರೋಲ್ಯಾಂಡ್ 1974ರಲ್ಲಿ ತೋರಿಸಿಕೊಟ್ಟರು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. ಆರ್-12 ಇದ್ದ ಕಾರಿಗೆ ಆರ್-134ಎ ಸುಮ್ಮನೆ ಸುರಿಯುವಂತಿಲ್ಲ. ಅದಕ್ಕೆ ಬೇರೆ ಎಣ್ಣೆಯೇ ಬೇಕು.

ವರ್ಕ್‌ಶಾಪಿಗೆ ಹೋದಾಗ ಮೂರು ಕೆಲಸ ಕೇಳಿ ಮಾಡಿಸಿ: ಹಳೆಯ ಅನಿಲವನ್ನು ಗಾಳಿಗೆ ಬಿಡದೆ ಯಂತ್ರಕ್ಕೆ ಎಳೆದುಕೊಳ್ಳುವುದು, ಸೋರಿಕೆ ಮುಚ್ಚಿದ ಬಳಿಕ ವ್ಯಾಕ್ಯೂಮ್ ಪಂಪು ಹಚ್ಚುವುದು, ತೂಗಿ ತುಂಬುವುದು. ಪಂಪು ಗಾಳಿಯ ಜತೆಗೆ ತೇವವನ್ನೂ ತೆಗೆಯುತ್ತದೆ. ಒತ್ತಡ ಇಪ್ಪತ್ತೈದನೆಯ ಒಂದಂಶಕ್ಕೆ ಇಳಿದರೆ ನೀರು 30 ಡಿಗ್ರಿಯ ಆಸುಪಾಸಿನಲ್ಲೇ ಕುದಿದು ಹೊರಬರುತ್ತದೆ. ಎಷ್ಟು ಗ್ರಾಂ ತುಂಬಬೇಕೆಂಬುದು ಸಾಮಾನ್ಯವಾಗಿ ಬಾನೆಟ್ಟಿನಡಿಯ ಚೀಟಿಯಲ್ಲೇ ಇರುತ್ತದೆ. ಮನೆಯಿಂದ ಹೊರಡುವ ಮುನ್ನ ಅದನ್ನು ಬರೆದುಕೊಳ್ಳುವ ಕೆಲಸ ಮಕ್ಕಳದಾಗಲಿ.