ಕೊಂಡಿಯ ಭಾಷಾಂತರದಲ್ಲಿ ರೂಢಿಯ ಅಧಿಕಾರ

ಕಾವ್ಯವನ್ನು ಭಾಷಾಂತರಿಸುವುದು ಕಷ್ಟವೆಂದೂ ಶಾಸ್ತ್ರವನ್ನು ಭಾಷಾಂತರಿಸುವುದು ಸುಲಭವೆಂದೂ ಒಂದು ನಂಬಿಕೆ ವಿದ್ವಾಂಸರಲ್ಲಿಯೂ ಸಾಮಾನ್ಯರಲ್ಲಿಯೂ ಬೇರೂರಿದೆ. ಕಾವ್ಯದ ಶಬ್ದಕ್ಕೆ ಧ್ವನಿಯುಂಟು, ಛಾಯೆಯುಂಟು; ಶಾಸ್ತ್ರದ ಶಬ್ದಕ್ಕೆ ನಿಯತವಾದ ಒಂದೇ ಅರ್ಥ, ಆ ಅರ್ಥಕ್ಕೆ ಇತರ ಭಾಷೆಯಲ್ಲಿಯೂ ನಿಯತವಾದ ಒಂದೇ ಶಬ್ದ; ಆದಕಾರಣ ಒಳ್ಳೆಯ ಕೋಶವೊಂದು ಕೈಯಲ್ಲಿದ್ದರೆ ಕೆಲಸ ಮುಗಿದಂತೆಯೇ ಎಂಬುದು ಅದರ ಹಿಂದಿರುವ ತರ್ಕ. ಈ ತರ್ಕವನ್ನು ಒರೆಗೆ ಹಚ್ಚುವುದಕ್ಕೆ ಗಣಕಶಾಸ್ತ್ರದಂಥ ಕ್ಷೇತ್ರ ಮತ್ತೊಂದಿಲ್ಲ. ಅದರಲ್ಲಿಯೂ, ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಓದುಗನನ್ನು ಒಯ್ಯುವ ಕೊಂಡಿಯ ವಿಷಯವಾಗಿ ಸ್ಪ್ಯಾನಿಷ್ ಭಾಷೆಯಲ್ಲಿ ಸಲ್ಲುತ್ತಿರುವ ಮಾತುಗಳನ್ನು ಸಹಜವಾದ ಇಂಗ್ಲಿಷಿಗೆ ತರಹೊರಟವನಿಗೆ, ಯಂತ್ರದ ಮಾತೂ ಜನರ ಮಾತೇ ಎಂಬುದು ಮೊದಲ ಪುಟದಲ್ಲಿಯೇ ಅರಿವಾಗುತ್ತದೆ. ಮೂಲಕ್ಕೆ ನಿಷ್ಠನಾಗಿರಬೇಕೆನ್ನುವವನು ಶಬ್ದದ ಧಾತುವಿಗಿಂತ ಅದರ ಬಳಕೆಗೆ ನಿಷ್ಠನಾಗಿರಬೇಕೆಂಬುದು ಸ್ವಲ್ಪ ತಡವಾಗಿ ಅರಿವಾಗುತ್ತದೆ.

ಈ ಶಬ್ದಗಳ ಜನ್ಮವೃತ್ತಾಂತವನ್ನು ಮೊದಲು ನೆನೆಯಬೇಕು. ‘ಹೈಪರ್‌ಟೆಕ್ಸ್ಟ್’ ಎಂಬ ಹೆಸರನ್ನು ಅಮೆರಿಕದ ಟೆಡ್ ನೆಲ್ಸನ್ ಅವರು 1965ರಲ್ಲಿ ಪ್ರಕಟಪಡಿಸಿದರು. 1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು ತಮ್ಮ ಜಾಲದ ಯೋಜನೆಯನ್ನು ಮುಂದಿಟ್ಟ ತರುವಾಯ ‘ಲಿಂಕ್’ ಎಂಬುದು ಲೋಕದ ಮಾತಾಯಿತು. ಇಂಗ್ಲಿಷಿನಲ್ಲಿ ಲಿಂಕ್ ಎಂದರೆ ಸರಪಣಿಯ ಬಳೆ. ಸ್ಪ್ಯಾನಿಷ್ ಭಾಷಿಕರು ಅದನ್ನು ಹಾಗೆಯೇ ಎತ್ತಿಕೊಳ್ಳದೆ, ಕುಣಿಕೆಯೆಂಬ ಅರ್ಥದ ‘ಲಾಸೊ’ದ ಬಳಗಕ್ಕೆ ಸೇರಿದ ‘ಎನ್‌ಲಾಸೆ’ಯನ್ನೂ, ಬಂಧನವನ್ನು ಹೇಳುವ ಲ್ಯಾಟಿನ್ ಶಬ್ದದಿಂದ ಇಳಿದುಬಂದ ‘ವಿಂಕುಲೊ’ವನ್ನೂ ಈ ಕೆಲಸಕ್ಕೆ ನಿಯೋಜಿಸಿದರು, ಎರಡನೆಯದಕ್ಕೆ ಗ್ರೀಕ್ ಉಪಸರ್ಗವನ್ನು ಹಚ್ಚಿ ‘ಇಪೆರ್‌ವಿಂಕುಲೊ’ ಎಂದರು. ಹೀಗಿರುವಾಗ, ಇಂಗ್ಲಿಷಿಗೆ ಭಾಷಾಂತರಿಸುವವನು ಮಾಡತಕ್ಕದ್ದು ಹೊಸ ಶಬ್ದದ ನಿರ್ಮಾಣವಲ್ಲ. ಹೊರಗೆ ಹೋಗಿ ವೇಷ ಬದಲಿಸಿದ ಮಾತನ್ನು ಮತ್ತೆ ತವರಿಗೆ ಕರೆತರುವುದು. ಧಾತುವನ್ನು ಬಿಡಿಸಿ ‘ಅತಿಬಂಧ’ ಎಂಬರ್ಥದ ಇಂಗ್ಲಿಷ್ ಪದವನ್ನು ಆತನು ಕಟ್ಟಿದರೆ ಅದು ಯಾರಿಗೂ ತಿಳಿಯದು. ಅಷ್ಟೇ ಅಲ್ಲ, ನಿತ್ಯವ್ಯವಹಾರದ ಇಂಗ್ಲಿಷು ‘ಹೈಪರ್’ ಎಂಬ ಉಪಸರ್ಗವನ್ನೂ ಬಹುಮಟ್ಟಿಗೆ ಕೈಬಿಟ್ಟು ‘ಲಿಂಕ್’ ಎಂದಷ್ಟೇ ಹೇಳುವುದರಿಂದ, ಮೂಲದ ಐದಕ್ಷರದ ಗಂಭೀರ ಪದಕ್ಕೆ ಬದಲಾಗಿ ಒಂದೇ ಉಸಿರಿನ ಚಿಕ್ಕ ಪದವನ್ನಿಡುವುದೇ ಇಲ್ಲಿ ಪ್ರಾಮಾಣಿಕತೆ. ಯೋಗಾರ್ಥಕ್ಕಿಂತ ರೂಢಾರ್ಥವೇ ಬಲವತ್ತರವೆಂದು ನಮ್ಮ ಮೀಮಾಂಸಕರು ನಿರ್ಣಯಿಸಿದ್ದಾರಷ್ಟೆ. ಕೆಸರಿನಲ್ಲಿ ಹುಟ್ಟಿದುದೆಲ್ಲವೂ ಪಂಕಜವಾಗುವುದಿಲ್ಲ. ಸ್ಪೇನಿನ ಭಾಷಾಂತರಕಾರನಿಗೂ ಈ ನಿರ್ಣಯ ಅಷ್ಟೇ ಸಲ್ಲುತ್ತದೆ.

ರೂಢಿಯ ಬಲವೆಷ್ಟೆಂಬುದು ಪ್ರಯೋಗಗಳನ್ನು ಹತ್ತಿರದಿಂದ ನೋಡಿದಾಗ ತಿಳಿಯುತ್ತದೆ. ‘ಎನ್‌ಲಾಸೆ’ ಎಂಬ ಒಂದೇ ಶಬ್ದ ರಸಾಯನಶಾಸ್ತ್ರದಲ್ಲಿ ಪರಮಾಣುಗಳ ಬಂಧ, ಹೆದ್ದಾರಿಯಲ್ಲಿ ರಸ್ತೆಗಳ ಕೂಡುಠಾಣೆ, ಆಮಂತ್ರಣಪತ್ರಿಕೆಯಲ್ಲಿ ವಿವಾಹ. ಈ ಒಂದೊಂದು ಎಡೆಯಲ್ಲಿಯೂ ಇಂಗ್ಲಿಷು ಬೇರೆ ಬೇರೆ ಶಬ್ದವನ್ನು ಬೇಡುತ್ತದೆ. ಕೆಲಸಮಾಡದ ಕೊಂಡಿಗೆ ಸ್ಪ್ಯಾನಿಷರು ‘ರೊತೊ’ ಎಂದರೆ, ಅಂದರೆ ಮುರಿದದ್ದು ಎಂದರೆ, ತೊಡಕಿಲ್ಲ, ಇಂಗ್ಲಿಷರೂ ‘ಬ್ರೋಕನ್’ ಎನ್ನುತ್ತಾರೆ. ಆದರೆ ‘ಕಾಯಿದೊ’ ಎಂದರೆ, ಅಂದರೆ ಬಿದ್ದದ್ದು ಎಂದರೆ, ಶಬ್ದಾನುಸರಣೆ ಅಲ್ಲಿಯೇ ಮುಗ್ಗರಿಸುತ್ತದೆ, ಏಕೆಂದರೆ ಇಂಗ್ಲಿಷಿನ ಕೊಂಡಿ ಬೀಳುವುದಿಲ್ಲ, ಸಾಯುತ್ತದೆ. ಅದು ‘ಡೆಡ್ ಲಿಂಕ್’. ‘ಕೋಲ್ಗಾರ್’ ಎಂಬ ಕ್ರಿಯಾಪದಕ್ಕೆ ತೂಗುಹಾಕು ಎಂಬುದು ಮೂಲಾರ್ಥ. ಯಂತ್ರ ಸ್ತಂಭಿಸಿತೆನ್ನುವಾಗ ಸ್ಪ್ಯಾನಿಷರು ಇದನ್ನೇ ಬಳಸುತ್ತಾರೆ, ಇಂಗ್ಲಿಷರೂ ‘ಹ್ಯಾಂಗ್’ ಎನ್ನುತ್ತಾರೆ. ಆದರೆ ಕೊಂಡಿಯೊಂದನ್ನು ಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಇಡುವುದಕ್ಕೂ ಸ್ಪೇನಿನಲ್ಲಿ ಇದೇ ಕ್ರಿಯಾಪದ ಸಲ್ಲುತ್ತದೆ, ಅಲ್ಲಿ ಇಂಗ್ಲಿಷು ‘ಪೋಸ್ಟ್’ ಎನ್ನುವುದೇ ಹೊರತು ತೂಗುಹಾಕುವುದಿಲ್ಲ. ದೇಶಭೇದವೂ ಉಂಟು. ಮೆಕ್ಸಿಕೋದವರು ಕೊಂಡಿಗೆ ‘ಲಿಗಾ’ ಎನ್ನುತ್ತಾರೆ. ರಬ್ಬರ್ ಬಳೆಗೂ ಆಟದ ಲೀಗಿಗೂ ಅದೇ ಹೆಸರು. ಸ್ಪೇನಿನಲ್ಲಿ ಇಲ್ಲಿ ಒತ್ತಿರಿ ಎನ್ನುವುದಕ್ಕೆ ಸಲೀಸಾಗಿ ಬಳಸುವ ‘ಪಿಂಚೆ’ ಎಂಬ ರೂಪ ಮೆಕ್ಸಿಕೋದಲ್ಲಿ ಬೈಗುಳದ ವಿಶೇಷಣ. ಇಂಗ್ಲಿಷಿಗೆ ಬಂದಾಗ ಈ ದೇಶಭೇದಗಳೆಲ್ಲವೂ ‘ಲಿಂಕ್’, ‘ಕ್ಲಿಕ್’ ಎಂಬ ಎರಡೇ ಶಬ್ದಗಳಲ್ಲಿ ಲೀನವಾಗುತ್ತವೆ, ಲೀನವಾಗತಕ್ಕದ್ದೂ ಹೌದು.

ಆದರೆ ನನಗೆ ಅತ್ಯಂತ ವಿಚಾರಾರ್ಹವಾಗಿ ತೋರುವುದು ಈ ನಾಮಪದಗಳಲ್ಲ. ಒಂದು ಸಣ್ಣ ಉಪಸರ್ಗಾವ್ಯಯ. ಸ್ಪ್ಯಾನಿಷಿನಲ್ಲಿ ಒಂದು ಪುಟ ಇನ್ನೊಂದರ ‘ಕೋನ್’, ಅಂದರೆ ಇನ್ನೊಂದರೊಡನೆ, ಕೊಂಡಿಗೊಳ್ಳುತ್ತದೆ ಎಂದು ಬರೆಯುವುದು ವಾಡಿಕೆ. ಅದನ್ನು ಇಂಗ್ಲಿಷಿಗೆ ‘ವಿತ್’ ಎಂದು ತಂದರೆ, ಎರಡು ಪುಟಗಳೂ ಪರಸ್ಪರ ಸಮ್ಮತಿಯಿಂದ ಕೈಹಿಡಿದಂತೆ ಅರ್ಥವಾಗುತ್ತದೆ. ‘ಟು’ ಎಂದಾಗ ಮಾತ್ರ ಒಂದು ಇನ್ನೊಂದರತ್ತ ಬೆರಳು ತೋರಿದಂತಾಗುತ್ತದೆ. ಇದು ಕೇವಲ ವ್ಯಾಕರಣದ ಸೂಕ್ಷ್ಮವಲ್ಲ, ವಸ್ತುಸ್ಥಿತಿಯ ಪ್ರಶ್ನೆ. ನೆಲ್ಸನ್ ಅವರು 1960ರಲ್ಲಿ ಆರಂಭಿಸಿದ ‘ಝನಾಡು’ ಯೋಜನೆಯ ಕನಸಿನಲ್ಲಿ ಕೊಂಡಿಗಳು ಉಭಯಮುಖವಾಗಿದ್ದುವು. ತನ್ನನ್ನು ಯಾವ ಪುಟ ಉಲ್ಲೇಖಿಸಿದೆಯೆಂಬುದು ಉಲ್ಲೇಖಿತವಾದ ಪುಟಕ್ಕೇ ತಿಳಿಯುವಂತಿರಬೇಕೆಂಬುದು ಅವರ ಆಶಯ. ಬರ್ನರ್ಸ್-ಲೀ ಅವರ ಜಾಲದಲ್ಲಿ ಕೊಂಡಿ ಏಕಮುಖಿ: ಯಾರ ಅನುಮತಿಯನ್ನೂ ಬೇಡದೆ ಯಾರು ಬೇಕಾದರೂ ಯಾವ ಪುಟಕ್ಕಾದರೂ ಕೊಂಡಿ ಹಾಕಬಹುದು, ಎಲ್ಲವನ್ನೂ ದಾಖಲಿಸುವ ಕೇಂದ್ರಸ್ಥಾನ ಬೇಕಾಗಿಲ್ಲ. ಜಾಲವು ಲೋಕವ್ಯಾಪಿಯಾದದ್ದು ಈ ಸ್ವಾತಂತ್ರ್ಯದಿಂದಲೇ. ಆ ಬದಿಯ ಪುಟ ಅಳಿಸಿಹೋದರೂ ಈ ಬದಿಗೆ ಸುದ್ದಿ ಮುಟ್ಟದೆ, ಒತ್ತಿದವನ ಮುಂದೆ 404 ಎಂಬ ಸಂಖ್ಯೆಯೊಂದು ಬಂದು ನಿಲ್ಲುವುದೂ ಇದರಿಂದಲೇ. ಸಹಜವಾದ ಇಂಗ್ಲಿಷ್ ಅವ್ಯಯವೇ ಈ ಏಕಮುಖತೆಯನ್ನು ಸರಿಯಾಗಿ ಹೇಳುತ್ತದೆ. ಸಹಜತೆಯೆಂಬುದು ಅಲಂಕಾರ, ಯಥಾರ್ಥತೆ ಬೇರೆ, ಎಂದು ಭಾವಿಸುವವರು ಈ ಒಂದು ನಿದರ್ಶನವನ್ನು ಪರಿಶೀಲಿಸಬೇಕು.

ಬಿಡಿ ಶಬ್ದಗಳಷ್ಟೇ ಅಲ್ಲ, ಕೆಲವೊಮ್ಮೆ ವಾಕ್ಯರಚನೆಯನ್ನೇ ಬದಲಿಸಬೇಕಾಗುತ್ತದೆ. ‘ನಮೂನೆಯನ್ನು ಇಳಿಸಿಕೊಳ್ಳುವುದಕ್ಕೆ ಇಲ್ಲಿ ಒತ್ತಿರಿ’ ಎಂಬಂಥ ಸ್ಪ್ಯಾನಿಷ್ ವಾಕ್ಯದಲ್ಲಿ ಅನೇಕವೇಳೆ ‘ಆಕಿ’, ಅಂದರೆ ‘ಇಲ್ಲಿ’, ಎಂಬ ಒಂದು ಪದಕ್ಕಷ್ಟೇ ಕೊಂಡಿಯನ್ನು ಜೋಡಿಸಿರುತ್ತಾರೆ. ದೃಷ್ಟಿಹೀನರು ಪುಟದ ಕೊಂಡಿಗಳನ್ನು ಮಾತ್ರ ಪಟ್ಟಿಮಾಡಿ ಓದಿಹೇಳುವ ತಂತ್ರಾಂಶವನ್ನು ಬಳಸುವಾಗ ಅವರಿಗೆ ‘ಇಲ್ಲಿ, ಇಲ್ಲಿ, ಇಲ್ಲಿ’ ಎಂಬುದಲ್ಲದೆ ಮತ್ತೇನೂ ಕೇಳಿಸದು. ಕೊಂಡಿಯ ಉದ್ದೇಶ ಅದರ ಮಾತಿನಿಂದಲೋ ಸಂದರ್ಭದಿಂದಲೋ ತಿಳಿಯಬೇಕೆಂದು 2008ರ ಸುಗಮ್ಯತಾ ಮಾರ್ಗಸೂಚಿಗಳು ವಿಧಿಸಿವೆ. ಒಳ್ಳೆಯ ಭಾಷಾಂತರಕಾರನು ಇಂಥಲ್ಲಿ ವಾಕ್ಯವನ್ನೇ ಮುರಿದು, ‘ನಮೂನೆಯನ್ನು ಇಳಿಸಿಕೊಳ್ಳಿ’ ಎಂಬುದನ್ನೇ ಕೊಂಡಿಯನ್ನಾಗಿಸಿ ಇಂಗ್ಲಿಷಿನಲ್ಲಿ ಕಟ್ಟುತ್ತಾನೆ. ಇದು ಸ್ವೇಚ್ಛೆಯೆಂದು ನಾನು ಒಪ್ಪಲಾರೆ.

ಮೂಲದ ಪರಕೀಯತೆಯನ್ನು ಓದುಗನು ಅನುಭವಿಸಲೆಂದು ಅವನನ್ನೇ ಗ್ರಂಥಕರ್ತನ ಬಳಿಗೆ ಒಯ್ಯಬೇಕೆಂಬ ವಾದವನ್ನು 1813ರಲ್ಲಿ ಬರ್ಲಿನಿನ ಉಪನ್ಯಾಸವೊಂದರಲ್ಲಿ ಜರ್ಮನ್ ಚಿಂತಕ ಶ್ಲಯರ್‌ಮಾಖರ್ ಮಂಡಿಸಿದನು. ಆ ವಾದಕ್ಕೆ ಘನತೆಯುಂಟು. ಕವಲೊಡೆಯುವ ಕಥನವನ್ನು 1941ರಲ್ಲಿಯೇ ಸ್ಪ್ಯಾನಿಷಿನಲ್ಲಿ ಕಲ್ಪಿಸಿದ ಬೋರ್ಹೆಸ್‌ನಂಥವನ ಗದ್ಯವನ್ನು ತರುವಾಗ ಆ ಘನತೆಗೆ ತಲೆಬಾಗಲೇಬೇಕು. ಆದರೆ ನಮೂನೆಯನ್ನು ತುಂಬಬೇಕಾದ ಮನುಷ್ಯನು ಸ್ಪೇನಿನ ಸೊಬಗನ್ನು ಸವಿಯುವುದಕ್ಕೆ ಬಂದವನಲ್ಲ. ಅವನ ಕೈ ತಡವರಿಸದಂತೆ ನೋಡಿಕೊಳ್ಳುವುದೇ ಅಲ್ಲಿ ಧರ್ಮ. ಗೌರವದ ‘ಒತ್ತಿರಿ’, ಸಲಿಗೆಯ ‘ಒತ್ತು’ ಎಂಬ ಭೇದವನ್ನು ನಮ್ಮಂತೆಯೇ ಸ್ಪ್ಯಾನಿಷರೂ ಪಾಲಿಸುತ್ತಾರೆ, ಇಂಗ್ಲಿಷಿಗೆ ಅದಿಲ್ಲ. ಆ ನಷ್ಟವನ್ನು ತುಂಬಲೆಂದು ಪ್ರತಿ ಸೂಚನೆಗೂ ‘ಪ್ಲೀಸ್’ ಸೇರಿಸುವುದು ಕೂಡದು, ನಷ್ಟವನ್ನು ನಷ್ಟವೆಂದೇ ಒಪ್ಪಿಕೊಳ್ಳಬೇಕು.

ರೂಢಿಯ ಅಧಿಕಾರಕ್ಕೆ ಒಂದು ಎಲ್ಲೆಯನ್ನೂ ಹೇಳಬೇಕಾಗಿದೆ. ಸ್ವೀಡನ್ನಿನಿಂದ ಬಂದ ಮೊಕದ್ದಮೆಯೊಂದರಲ್ಲಿ 2014ರ ಫೆಬ್ರವರಿ 13ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು ಕೊಂಡಿಗಳ ವಿಷಯವಾಗಿ ತೀರ್ಪಿತ್ತಾಗ, ಇಂಗ್ಲಿಷ್ ಪಾಠ ‘ಕ್ಲಿಕ್ಕಬಲ್ ಲಿಂಕ್ಸ್’ ಎಂದು ಎರಡು ಪದಗಳಲ್ಲಿ ಮುಗಿಸಿದುದನ್ನು ಸ್ಪ್ಯಾನಿಷ್ ಪಾಠವು ‘ಮೇಲೆ ಒತ್ತಬಹುದಾದಂಥ ಎನ್‌ಲಾಸೆಗಳು’ ಎಂದು ಒಂದು ಉಪವಾಕ್ಯವಾಗಿ ಬಿಡಿಸಿ ಹೇಳಿತು. ಎರಡೂ ಸಹಜ, ಎರಡೂ ಸಮಾನ. ಆದರೆ ಇಂಥದೇ ಒಂದು ಸ್ಪ್ಯಾನಿಷ್ ಶಾಸನಪತ್ರದಲ್ಲಿ ‘ಎನ್‌ಲಾಸೆ’ಗೂ ‘ಇಪೆರ್‌ವಿಂಕುಲೊ’ವಿಗೂ ಬೇರೆ ಬೇರೆ ವ್ಯಾಖ್ಯೆ ಕೊಟ್ಟಿದ್ದರೆ, ಕೈಪಿಡಿಯಲ್ಲಿ ಮಾಡುವಂತೆ ಎರಡನ್ನೂ ‘ಲಿಂಕ್’ ಎಂಬುದರಲ್ಲಿ ಕರಗಿಸುವುದಕ್ಕೆ ಭಾಷಾಂತರಕಾರನಿಗೆ ಹಕ್ಕಿಲ್ಲ. ಕಿವಿಗೆ ಭಾರವೆನಿಸಿದರೂ ಅಲ್ಲಿ ‘ಹೈಪರ್‌ಲಿಂಕ್’ ಎಂಬುದು ಪ್ರತಿ ವಾಕ್ಯದಲ್ಲಿಯೂ ಪೂರ್ತಿಯಾಗಿ ನಿಲ್ಲತಕ್ಕದ್ದು.