ಹೊಗೆಯೋ, ಮಂಜೋ?

ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಆದರೆ ಕಂಡದ್ದು ಹೊಗೆಯಾಗಿರದೆ ಮಂಜಾಗಿದ್ದರೆ ಊಹೆಯೆಲ್ಲವೂ ಹುಸಿಯಾಗುವುದು. ಪರಮಾಣು ವಿಜ್ಞಾನಿಗಳಿಗೂ ಇಂತಹ ತೊಡಕುಂಟೆಂಬುದನ್ನು ಈ ಸಲ ವಾಚಕರಿಗೆ ನಿವೇದಿಸುವೆವು.

೧೯೮೬ನೆಯ ಇಸವಿ ಏಪ್ರಿಲ್ ೨೬ರಂದು ಚೆರ್ನೊಬಿಲ್ಲಿನ ಪರಮಾಣು ಸ್ಥಾವರವು ಸಿಡಿದಾಗ, ಅಯೋಡೀನ್-೧೩೧ ಎಂಬ ವಿಕಿರಣಶೀಲ ದ್ರವ್ಯವು ಹುಲ್ಲಿನ ಮೇಲೆ ಬಿದ್ದು, ಹಸುವಿನ ಹಾಲಿನ ಮೂಲಕ ಎಳೆಯರ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯನ್ನು ಸೇರಿತು. ಮುಂದೆ ಎಷ್ಟೋ ಮಕ್ಕಳಿಗೆ ಆ ಗ್ರಂಥಿಯ ಕ್ಯಾನ್ಸರ್ ತಗುಲಿತು. ಆ ದ್ರವ್ಯವಾದರೋ ಎಂಟು ದಿನಗಳಿಗೊಮ್ಮೆ ಅರ್ಧಕ್ಕರ್ಧ ಕ್ಷಯಿಸತಕ್ಕದ್ದು. ಕೆಲವೇ ತಿಂಗಳಲ್ಲಿ ಅದರ ಕುರುಹೇ ಅಳಿಯಿತು. ಯಾವ ಊರಿನಲ್ಲಿ ಎಷ್ಟು ಬಿದ್ದಿತ್ತೆಂಬುದನ್ನು ವರ್ಷಗಳ ಮೇಲೆ ಅರಿಯುವುದೆಂತು? ಅದರೊಡನೆ ಬಿದ್ದ ಅಯೋಡೀನ್-೧೨೯ ಮಣ್ಣಿನಲ್ಲಿ ಉಳಿದಿರುವುದು. ಅದು ಅರ್ಧವಾಗಲು ಸುಮಾರು ೧ ಕೋಟಿ ೫೭ ಲಕ್ಷ ವರ್ಷಗಳು ಬೇಕು. ಅದೇ ಇಲ್ಲಿ ಸಾಕ್ಷಿ.

ಆದರೆ ಈ ಸಾಕ್ಷಿಯ ದನಿ ಬಲು ಮೆಲ್ಲಗಿನದು. ದೀರ್ಘಾಯುವಾದುದರಿಂದ ಅದು ಹೊರಸೂಸುವ ಕಿರಣಗಳು ಅತ್ಯಲ್ಪ. ಆದ್ದರಿಂದ ಅದನ್ನು ಪರಮಾಣು ಸ್ಥಾವರದೊಳಗಿಟ್ಟು ನ್ಯೂಟ್ರಾನುಗಳಿಂದ ತಾಡಿಸುವರು. ಆಗ ಅದು ಅಯೋಡೀನ್-೧೩೦ ಆಗಿ ಮಾರ್ಪಟ್ಟು ಪ್ರಬಲವಾದ ಗಾಮಾ ಕಿರಣಗಳನ್ನು ಬೀರುವುದು. ಸುಮಾರು ಹನ್ನೆರಡೂವರೆ ಗಂಟೆಗಳಲ್ಲಿ ಅರ್ಧವಾಗುವುದು. ಈ ಕಿರಣಗಳೇ ಹೊಗೆ. ಅವನ್ನೆಣಿಸಿ ಮೂಲದ ಬೆಂಕಿಯನ್ನು ಊಹಿಸುವರು.

ಮಂಜು ಕವಿಯುವುದು ಇಲ್ಲಿಯೇ. ಮಾದರಿಯಲ್ಲಿ ಸೀಸಿಯಂ ಲೇಶವಿದ್ದರೂ ಅದು ನ್ಯೂಟ್ರಾನಿನ ಹೊಡೆತದಿಂದ ಅದೇ ಅಯೋಡೀನ್-೧೩೦ನ್ನು ಹುಟ್ಟಿಸಬಲ್ಲುದು. ಯುರೇನಿಯಂ ಇದ್ದರೆ ಅದು ಒಡೆದು ಹೊಸ ಅಯೋಡೀನನ್ನು ಕೊಡುವುದು. ಬ್ರೋಮೀನು ತನ್ನ ಕಿರಣಗಳಿಂದ ಎಣಿಕೆಯನ್ನು ಮಸುಕುಮಾಡುವುದು. ಬ್ರೋಮೀನನ್ನು ಆಮೇಲೆಯೂ ಬೇರ್ಪಡಿಸಬಹುದು. ಆದರೆ ಸೀಸಿಯಮ್ಮಿನಿಂದ ಹುಟ್ಟಿದ ಅಯೋಡೀನಿಗೂ ನಿಜವಾದದ್ದಕ್ಕೂ ಯಾವ ಭೇದವೂ ಇಲ್ಲದಿರುವುದರಿಂದ, ಅವನ್ನು ಆಮೇಲೆ ವಿಂಗಡಿಸುವುದು ಯಾರಿಗೂ ಅಳವಲ್ಲ.

ಆದುದರಿಂದ ಶುದ್ಧಿಯು ಮೊದಲೇ ಆಗತಕ್ಕದ್ದು. ಮಣ್ಣನ್ನು ಆಮ್ಲಜನಕದಲ್ಲಿ ಕಾಯಿಸಿ, ಹೊರಟ ಅಯೋಡೀನನ್ನು ಮಾತ್ರ ಇದ್ದಿಲಿನಲ್ಲಿ ಹಿಡಿಯುವರು. ಆ ಇದ್ದಿಲು, ಪಾತ್ರೆ, ದ್ರಾವಣಗಳಲ್ಲಿಯೂ ಕಲ್ಮಷವಿರಬಹುದೆಂದು, ಮಣ್ಣಿಲ್ಲದೆಯೇ ಇನ್ನೊಂದು ಪರೀಕ್ಷೆಯನ್ನು ಜೊತೆಗೆ ನಡೆಸಿ, ಅದರ ಫಲವನ್ನು ಕಳೆಯುವರು.

ಇಷ್ಟೊಂದು ಎಚ್ಚರವೇಕೆಂದು ಕೆಲವರು ಕೇಳಬಹುದು. ಲೆಕ್ಕವು ಹುಸಿಯಾಗಿ ಹೆಚ್ಚಿದರೆ ಒಂದು ಊರಿನ ತಾಯಂದಿರಿಗೆ ಅಕಾರಣ ಭಯ. ಕಳೆಯಬೇಕಾದುದಕ್ಕಿಂತ ಹೆಚ್ಚು ಕಳೆದರೆ ಮತ್ತೊಂದು ಊರಿನ ಮಕ್ಕಳಿಗೆ ಸಲ್ಲಬೇಕಾದ ಆರೈಕೆ ತಪ್ಪುವುದು. ಅಳೆಯುವ ವಸ್ತು ಅಲ್ಪವಾದಷ್ಟೂ ಅಳೆಯುವವನ ಕೈ ಶುದ್ಧವಾಗಿರಬೇಕು.